ಕಟಕಟೆ ಹತ್ತಿದ ನಾಣ್ಯ

ಓದುಗರ ಪ್ರಶ್ನೆ, ಹಳೇ ಶಿರಸ್ತೇದಾರನ ಉತ್ತರ

ಬೆಂಗಳೂರಿನ ಕೋರ್ಟುಗಳಲ್ಲಿ ಗುಮಾಸ್ತನಾಗಿ ಸೇರಿ ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಹಳೇ ನಾಣ್ಯ ಕೂಡಿಡುವ ಚಟ ಹೈಸ್ಕೂಲಿನಿಂದಲೂ ಇದೆ. ಸಾಮಾನ್ಯವಾಗಿ ಖಾತೆ, ವಿಲ್ಲು, ಬಾಡಿಗೆ ಜಗಳದ ಪತ್ರಗಳೇ ಬರುವುದು. ಈ ಸಲ ಯಾಕೋ ಕೋರ್ಟು ಮತ್ತು ನಾಣ್ಯ ಎರಡೂ ಸೇರಿದ ಪ್ರಶ್ನೆಗಳು ಬಂದಿವೆ. ಖಾತೆಯವರು ಮುಂದಿನ ಸಂಚಿಕೆಯವರೆಗೆ ತಡೆದುಕೊಳ್ಳಬೇಕು.

ಪ್ರಶ್ನೆ: ಸರ್, ನಮ್ಮ ಯಜಮಾನರಿಗೆ ‘ಪೆರಿ ಮೇಸನ್’ ಅನ್ನುವ ಹಳೇ ಕಪ್ಪು-ಬಿಳುಪು ಅಮೆರಿಕನ್ ಧಾರಾವಾಹಿಯ ಹುಚ್ಚು. ಮೊನ್ನೆ ಅಪರೂಪದ ನಾಣ್ಯ ಸಂಗ್ರಹದ ಸುತ್ತ ನಡೆಯುವ ಒಂದು ಕೊಲೆಯ ಕಂತು ನೋಡಿದೆವು. ವಕೀಲರು ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲಿ ಕೋರ್ಟಿನಲ್ಲೇ ತಪ್ಪೊಪ್ಪಿಗೆ ಬಂದುಬಿಟ್ಟಿತು. ನಮ್ಮ ಕೋರ್ಟುಗಳಲ್ಲೂ ಹೀಗೆ ಆಗುತ್ತಾ? ನಾಣ್ಯ ಕೂಡ ಸಾಕ್ಷಿ ಆಗಬಹುದಾ?
ಗೃಹಿಣಿ, ವಿಜಯನಗರ

ಉತ್ತರ: ನಿಮ್ಮ ಯಜಮಾನರ ಅಭಿರುಚಿ ಚೆನ್ನಾಗಿದೆ ತಾಯಿ. ಆ ಧಾರಾವಾಹಿ 1957ರಿಂದ 1966ರವರೆಗೆ ಓಡಿತು. ಒಟ್ಟು 271 ಕಂತು. ಆ ವಕೀಲನ ಪಾತ್ರವನ್ನು ಹುಟ್ಟುಹಾಕಿದ ಲೇಖಕರು ಸ್ವತಃ ಕ್ಯಾಲಿಫೋರ್ನಿಯಾದ ವಕೀಲರು. ಕೊನೆಯ ಕಂತಿನಲ್ಲಿ ಅವರೇ ನ್ಯಾಯಾಧೀಶರ ಕುರ್ಚಿಯಲ್ಲಿ ಕೂತಿದ್ದಾರೆ, ಗಮನಿಸಿ ನೋಡಿ. ಇನ್ನೊಂದು ವಿಷಯ. ಅಲ್ಲಿ ತೋರಿಸುವ ಕೋರ್ಟ್ ದೃಶ್ಯಗಳಲ್ಲಿ ಬಹುಪಾಲು ಪೂರ್ಣ ವಿಚಾರಣೆಯಲ್ಲ, ಅದಕ್ಕೂ ಮೊದಲು ನಡೆಯುವ ಪ್ರಾಥಮಿಕ ವಿಚಾರಣೆ. ಅದಕ್ಕೇ ಜ್ಯೂರಿಯವರು ಅಷ್ಟಾಗಿ ಕಾಣುವುದಿಲ್ಲ. ನಮ್ಮಲ್ಲಂತೂ 1973ರ ದಂಡ ಪ್ರಕ್ರಿಯಾ ಸಂಹಿತೆ ಬಂದ ಮೇಲೆ ಜ್ಯೂರಿ ಅನ್ನುವುದೇ ಇಲ್ಲ.

ಇನ್ನು ನಮ್ಮ ಕೋರ್ಟು. ಮೊದಲಿಗೆ ಟೀವಿಯವರು ಕಲಿಸಿದ್ದನ್ನು ಸ್ವಲ್ಪ ಮರೆಯಿರಿ. ನಮ್ಮ ನ್ಯಾಯಾಧೀಶರ ಮೇಜಿನ ಮೇಲೆ ಮರದ ಸುತ್ತಿಗೆ ಇರುವುದಿಲ್ಲ. ಗೀತೆಯ ಮೇಲೆ ಕೈಯಿಟ್ಟು ಪ್ರಮಾಣ ಮಾಡಿಸುವುದೂ ಇಲ್ಲ, 1969ರ ಪ್ರಮಾಣ ಕಾಯ್ದೆಯ ಪ್ರಕಾರ ಬಾಯಿಮಾತಿನ ಪ್ರಮಾಣವೇ ಸಾಕು. ವಕೀಲರು ಸಾಕ್ಷಿಯ ಮೂಗಿನ ಹತ್ತಿರ ಬೆರಳು ತೋರಿಸುತ್ತಾ ಓಡಾಡುವುದೂ ಇಲ್ಲ. ಯಾಕೆ ಅಂದರೆ ಸಾಕ್ಷಿ ಹೇಳಿದ್ದೆಲ್ಲ ಟೈಪ್ ಆಗಬೇಕು. ಪಾಟೀಸವಾಲಿನಲ್ಲಿ ವಕೀಲರು ಒಂದು ಪ್ರಶ್ನೆ ಕೇಳುತ್ತಾರೆ, ಸಾಕ್ಷಿ ಉತ್ತರಿಸುತ್ತಾರೆ, ಸಾಹೇಬರು ಅದನ್ನು ಒಂದು ವಾಕ್ಯ ಮಾಡಿ ಹೇಳುತ್ತಾರೆ, ಟೈಪಿಸ್ಟು ಹೊಡೆಯುತ್ತಾರೆ. ಅಷ್ಟರಲ್ಲಿ ಸಾಕ್ಷಿ ಒಂದು ಲೋಟ ನೀರು ಕುಡಿದು, ಬೆವರು ಒರೆಸಿಕೊಂಡು, ಮುಂದಿನ ಸುಳ್ಳಿಗೆ ತಯಾರಾಗಿರುತ್ತಾನೆ. ಎದೆ ಬಿರಿದು ‘ನಾನೇ ಕೊಂದೆ’ ಅನ್ನಲು ಬೇಕಾದ ಆವೇಶ ಉಳಿಯುವುದಾದರೂ ಎಲ್ಲಿ?

ಹಾಗೂ ಹೇಳಿಬಿಟ್ಟ ಅಂತಲೇ ಇಟ್ಟುಕೊಳ್ಳಿ. 1872ರ ಸಾಕ್ಷ್ಯ ಕಾಯ್ದೆಯ 132ನೇ ಕಲಮಿನ ಪ್ರಕಾರ, ‘ಉತ್ತರ ಹೇಳಿದರೆ ನಾನೇ ಸಿಕ್ಕಿಬೀಳುತ್ತೇನೆ’ ಎಂದು ಸಾಕ್ಷಿ ತಪ್ಪಿಸಿಕೊಳ್ಳುವಂತಿಲ್ಲ. ಆದರೆ ಹಾಗೆ ಕೋರ್ಟು ಒತ್ತಾಯ ಮಾಡಿ ಹೇಳಿಸಿದ ಉತ್ತರವನ್ನು ಅವನ ಮೇಲೆಯೇ ಕೇಸು ನಡೆಸಲು ಬಳಸುವಂತೆಯೂ ಇಲ್ಲ. ಸುಳ್ಳು ಸಾಕ್ಷಿ ಹೇಳಿದ್ದಕ್ಕೆ ಮಾತ್ರ ಬಳಸಬಹುದು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಇದೇ ಸೂತ್ರ. ಪೆರಿ ಮೇಸನ್ ಸಾಹೇಬರು ನಮ್ಮಲ್ಲಿ ಪ್ರಾಕ್ಟೀಸ್ ಮಾಡಿದ್ದರೆ ಅವರ ಕಕ್ಷಿದಾರ ಬಿಡುಗಡೆ ಆಗುತ್ತಿದ್ದನೇನೋ, ನಿಜವಾದ ಕೊಲೆಗಾರನ ಮೇಲೆ ಪೊಲೀಸರು ಬೇರೆ ಸಾಕ್ಷ್ಯ ಹುಡುಕಿಕೊಂಡು ಅಲೆಯಬೇಕಾಗುತ್ತಿತ್ತು.

ನಾಣ್ಯ ಸಾಕ್ಷಿ ಆಗುತ್ತದೆಯೇ ಅಂದಿರಿ. ಖಂಡಿತ. ಅದನ್ನು ಮುದ್ದೆಮಾಲು ಅನ್ನುತ್ತೇವೆ. ಕೋರ್ಟಿನಲ್ಲಿ ಗುರುತು ಹಾಕುವಾಗ ಎಂ.ಒ. (ಮೆಟೀರಿಯಲ್ ಆಬ್ಜೆಕ್ಟ್) 1, ಎಂ.ಒ. 2 ಅಂತ ನಂಬರು ಬೀಳುತ್ತದೆ. ಅದು ಅಲ್ಲಿಗೆ ಬರುವ ದಾರಿ ಟೀವಿಯಲ್ಲಿ ಕಾಣುವುದಿಲ್ಲ. ನಾನು ಕಂಡಂತೆ ಹೇಳುತ್ತೇನೆ. ಬಿಳಿ ಬಟ್ಟೆಯ ಒಂದು ಪುಟ್ಟ ಗಂಟು. ಬಾಯಿಗೆ ಟ್ವೈನ್ ದಾರ, ಗಂಟಿನ ಮೇಲೆ ಕೆಂಪು ಅರಗಿನ ಮುದ್ರೆ. ಜೊತೆಗೆ ಒಂದು ಚೀಟಿ, ಅದರಲ್ಲಿ ಠಾಣೆಯ ಹೆಸರು, ಅಪರಾಧ ಸಂಖ್ಯೆ, ಇಬ್ಬರು ಪಂಚರ, ಅಂದರೆ ವಶಪಡಿಸಿಕೊಳ್ಳುವಾಗ ಎದುರಿಗಿದ್ದ ಸಾಕ್ಷಿಗಳ, ಸಹಿ. ತೆರೆದ ನ್ಯಾಯಾಲಯದಲ್ಲಿ ಮುದ್ರೆ ಸರಿಯಾಗಿದೆಯೇ ಎಂದು ಎಲ್ಲರಿಗೂ ತೋರಿಸಿ ಆಮೇಲೆ ಬ್ಲೇಡು ಹಾಕಬೇಕು. ಒಳಗಿನಿಂದ ನಾಣ್ಯ ಹೊರಗೆ ಬಂದಾಗ ಯಾರೂ ಉಸಿರು ಬಿಗಿಹಿಡಿದು ನೋಡುವುದಿಲ್ಲ. ಹಿಂದಿನ ಬೆಂಚಿನಲ್ಲಿ ಮುಂದಿನ ಕೇಸಿನವರು ತೂಕಡಿಸುತ್ತಿರುತ್ತಾರೆ.

ಮಜಾ ಶುರುವಾಗುವುದು ಮಹಜರಿನಲ್ಲಿ. ಪೊಲೀಸರು ಚಿನ್ನವನ್ನು ಚಿನ್ನ ಅಂತ ಬರೆಯುವುದಿಲ್ಲ, ‘ಹಳದಿ ಲೋಹದ’ ಅಂತ ಬರೆಯುತ್ತಾರೆ. ಬೆಳ್ಳಿ ‘ಬಿಳಿ ಲೋಹ’. ಪರೀಕ್ಷೆ ಮಾಡಿಸುವ ಮೊದಲೇ ಬರೆದು ಯಾಕೆ ಸಿಕ್ಕಿಹಾಕಿಕೊಳ್ಳಬೇಕು ಎನ್ನುವ ಜಾಣತನ, ಸರಿಯೂ ಹೌದು. ಆದರೆ ಅದರ ಮುಂದೆ ಸುಮ್ನೆ ‘ಬಿಳಿ ಲೋಹದ ಹಳೇ ನಾಣ್ಯ ಒಂದು’ ಎಂದಷ್ಟೇ ಬರೆದಿದ್ದರೆ ಮುಗಿಯಿತು. ಆರೋಪಿ ಪರ ವಕೀಲರು ಎದ್ದು ನಿಂತು ಕೇಳುವುದು ಒಂದೇ ಪ್ರಶ್ನೆ: “ಐದನೇ ಜಾರ್ಜ್ ರಾಜನ ತಲೆ ಇರುವ ರೂಪಾಯಿ ಕೋಟಿಗಟ್ಟಲೆ ಅಚ್ಚಾಗಿವೆ. ನನ್ನ ಕಕ್ಷಿದಾರನ ಹತ್ತಿರ ಸಿಕ್ಕಿದ್ದು ಸತ್ತವರ ಮನೆಯದ್ದೇ ಅಂತ ಹೇಗೆ ಹೇಳ್ತೀರಿ?” ಇದಕ್ಕೆ ಉತ್ತರ ಬೇಕಾದರೆ ಮಹಜರಿನಲ್ಲೇ ಇರಬೇಕು. ಇಸವಿ, ತೂಕ, ಅಂಚಿನಲ್ಲಿ ಬಿದ್ದ ಕಚ್ಚು, ರಾಜನ ಕಿವಿಯ ಹತ್ತಿರದ ಗೀರು. ನಮ್ಮ ಕಡೆಯ ಬೆಳ್ಳಿ ರೂಪಾಯಿಗಳಲ್ಲಿ ಇನ್ನೊಂದು ಒಳ್ಳೆಯ ಗುರುತು ಸಿಗುತ್ತದೆ. ಅಜ್ಜಿಯರು ಅದಕ್ಕೆ ಕೊಂಡಿ ಬೆಸೆಸಿ ಸರಕ್ಕೆ ಪೋಣಿಸಿಕೊಳ್ಳುತ್ತಿದ್ದರು. ಕೊಂಡಿ ಕಿತ್ತರೂ ಬೆಸುಗೆಯ ಕಲೆ ಹೋಗುವುದಿಲ್ಲ. ಸಂಗ್ರಹಕಾರರಿಗೆ ಅದು ಬೆಲೆ ಇಳಿಸುವ ದೋಷ, ತನಿಖಾಧಿಕಾರಿಗೆ ದೇವರು ಕೊಟ್ಟ ವರ.

ಪರಿಣತರನ್ನು ಕರೆಸಬಹುದಾ? ಕರೆಸಬಹುದು. ಹಳೇ ಕಾಯ್ದೆಯ 45ನೇ ಕಲಮು, ಹೊಸದರ 39. ಅವರು ಇದು ಅಸಲಿ, ಇದು ನಕಲಿ, ಇಂಥ ಕಾಲದ್ದು ಎಂದು ಹೇಳಬಲ್ಲರು. ಯಾರ ಜೇಬಿನಿಂದ ಬಿತ್ತು ಎಂದು ಯಾವ ಪರಿಣತರೂ ಹೇಳಲಾರರು. ಅದನ್ನು ಹೇಳಬೇಕಾದವರು ಆ ಇಬ್ಬರು ಪಂಚರು. ಅವರು ಕಟಕಟೆಗೆ ಬಂದು ‘ಠಾಣೆಗೆ ಕರೆಸಿ ಸಹಿ ಹಾಕಿಸಿಕೊಂಡರು ಸ್ವಾಮಿ, ನಾನು ಏನೂ ನೋಡಿಲ್ಲ’ ಅಂದರೆ ಎಷ್ಟು ಅಪರೂಪದ ನಾಣ್ಯವಾದರೂ ಪ್ರಯೋಜನ ಕಡಿಮೆ.

ಪ್ರಶ್ನೆ: ಸರ್, ಸಿನಿಮಾ ಟೀವಿ ಬಿಡಿ. ಒಂದೇ ಒಂದು ನಾಣ್ಯಕ್ಕಾಗಿ ನಿಜವಾಗಿ ದೊಡ್ಡ ಕೇಸು ನಡೆದದ್ದು ಇದೆಯಾ?
ಕಾನೂನು ವಿದ್ಯಾರ್ಥಿ, ಬಸವೇಶ್ವರನಗರ

ಉತ್ತರ: ಇದೆ ತಮ್ಮಾ, ಮತ್ತು ಅದರ ಮುಂದೆ ಯಾವ ಧಾರಾವಾಹಿಯೂ ಸಪ್ಪೆ. ಅಮೆರಿಕದ 20 ಡಾಲರ್ ಚಿನ್ನದ ನಾಣ್ಯ, ಹೆಸರು ಡಬಲ್ ಈಗಲ್, ಇಸವಿ 1933. ಆ ವರ್ಷ 4,45,500 ನಾಣ್ಯ ಅಚ್ಚಾದವು. ಅದೇ ಹೊತ್ತಿಗೆ ಅಧ್ಯಕ್ಷ ರೂಸ್ವೆಲ್ಟ್ ಜನರ ಕೈಯಲ್ಲಿದ್ದ ಚಿನ್ನವನ್ನೆಲ್ಲ ವಾಪಸ್ ಕರೆಸಿಕೊಂಡರು. ಹಾಗಾಗಿ ಇವು ಟಂಕಸಾಲೆಯ ಬಾಗಿಲೇ ದಾಟಲಿಲ್ಲ. ಎರಡನ್ನು ಸ್ಮಿತ್ಸೋನಿಯನ್ ಸಂಗ್ರಹಾಲಯಕ್ಕೆ ಕೊಟ್ಟು ಉಳಿದದ್ದನ್ನು ಕರಗಿಸಿದರು. ಕರಗಿಸಿದರು ಅಂತ ಲೆಕ್ಕದಲ್ಲಿತ್ತು.

ಕೆಲವು ಹೊರಗೆ ಹೋಗಿದ್ದವು. ಒಂದು ಈಜಿಪ್ಟಿನ ದೊರೆ ಫಾರೂಕನ ಕೈ ಸೇರಿತು. 1944ರಲ್ಲಿ ಅದನ್ನು ದೇಶದ ಹೊರಗೆ ಒಯ್ಯಲು ಅಮೆರಿಕ ಸರ್ಕಾರವೇ ಪರವಾನಗಿ ಕೊಟ್ಟಿತ್ತು. ಆಮೇಲೆ ನಾಲಿಗೆ ಕಚ್ಚಿಕೊಂಡಿತು. 1952ರಲ್ಲಿ ದೊರೆಯ ಪಟ್ಟ ಹೋಯಿತು, 1954ರಲ್ಲಿ ಅವನ ಸಂಗ್ರಹ ಹರಾಜಿಗೆ ಬಂತು, ಈ ನಾಣ್ಯ ಮಾತ್ರ ಮಾಯ. 1996ರಲ್ಲಿ ನ್ಯೂಯಾರ್ಕಿನ ಒಂದು ಹೋಟೆಲಿನಲ್ಲಿ ಕೊಳ್ಳುವವರ ವೇಷದಲ್ಲಿ ಬಂದ ಅಧಿಕಾರಿಗಳು ಬ್ರಿಟಿಷ್ ನಾಣ್ಯ ವ್ಯಾಪಾರಿಯೊಬ್ಬರನ್ನು ಹಿಡಿದರು. ಕೇಸು ವರ್ಷಗಟ್ಟಲೆ ಎಳೆಯಿತು. ಅಷ್ಟು ದಿನ ನಾಣ್ಯ ಇದ್ದದ್ದು ವರ್ಲ್ಡ್ ಟ್ರೇಡ್ ಸೆಂಟರಿನ ತಿಜೋರಿಯಲ್ಲಿ. 2001ರ ಸೆಪ್ಟೆಂಬರಿನ ದಾಳಿಗೆ ಕೆಲವೇ ತಿಂಗಳ ಮೊದಲು ರಾಜಿ ಆಗಿ, ಅಲ್ಲಿಂದ ಬೇರೆ ಕಡೆಗೆ ಸಾಗಿಸಿದ್ದರು. ಇದನ್ನು ನಾನು ಕಥೆಯಲ್ಲಿ ಬರೆದರೆ ಸಂಪಾದಕರು ‘ಸ್ವಲ್ಪ ಜಾಸ್ತಿ ಆಯ್ತು’ ಅಂತ ಹೊಡೆದುಹಾಕುತ್ತಿದ್ದರು.

2002ರಲ್ಲಿ ಹರಾಜಾಗಿ 75,90,020 ಡಾಲರ್ ಬಂತು. ಕೊನೆಯಲ್ಲಿರುವ ಆ 20 ಡಾಲರ್ ನೋಡಿ. ಕಾನೂನಿನ ಲೆಕ್ಕದಲ್ಲಿ ನಾಣ್ಯ ಅದುವರೆಗೂ ಚಲಾವಣೆಗೆ ಬಂದೇ ಇರಲಿಲ್ಲ. ಅದಕ್ಕೆ ಮುಖಬೆಲೆಯ 20 ಡಾಲರನ್ನು ಕೊಂಡವರಿಂದ ಬೇರೆಯಾಗಿ ವಸೂಲು ಮಾಡಿ ಆಮೇಲೆ ಕೊಟ್ಟರು. ನಮ್ಮ ಕಚೇರಿಗಳ ಲೆಕ್ಕಾಧಿಕಾರಿಗಳು ಕೇಳಿದರೆ ಎದ್ದು ನಿಂತು ನಮಸ್ಕಾರ ಮಾಡುತ್ತಾರೆ. ಅದೇ ನಾಣ್ಯ 2021ರಲ್ಲಿ ಸುಮಾರು 1.89 ಕೋಟಿ ಡಾಲರಿಗೆ ಮತ್ತೆ ಮಾರಾಟವಾಯಿತು.

ನೀವು ಓದಬೇಕಾದ ತೀರ್ಪು ಇದಲ್ಲ, ಇದರ ತಮ್ಮ. ಫಿಲಡೆಲ್ಫಿಯಾದ ಹಳೇ ಆಭರಣ ವ್ಯಾಪಾರಿಯೊಬ್ಬರ ಮನೆಯವರಿಗೆ ಲಾಕರಿನಲ್ಲಿ ಇದೇ ಇಸವಿಯ ಹತ್ತು ನಾಣ್ಯ ಸಿಕ್ಕವು. ಅಸಲಿಯಾ ನೋಡಿ ಎಂದು ಟಂಕಸಾಲೆಗೇ ಕೊಟ್ಟರು. ಟಂಕಸಾಲೆಯವರು ‘ಅಸಲಿ, ಅದಕ್ಕೇ ವಾಪಸ್ ಕೊಡಲ್ಲ, ಇವು ಸರ್ಕಾರದ್ದು’ ಎಂದರು. ಮನೆಯವರು ಕೋರ್ಟಿಗೆ ಹೋದರು. 2011ರಲ್ಲಿ ಜ್ಯೂರಿ ಸರ್ಕಾರದ ಪರ ಹೇಳಿತು, 2016ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಕಳ್ಳತನವನ್ನು ಕಣ್ಣಾರೆ ಕಂಡವರು ಯಾರೂ ಬದುಕಿರಲಿಲ್ಲ. ಕೇಸು ನಿಂತದ್ದು ಟಂಕಸಾಲೆಯ ದಫ್ತರಗಳ ಮೇಲೆ. ಎಷ್ಟು ಅಚ್ಚಾಯಿತು, ಎಷ್ಟು ಒಳಗಿತ್ತು, ಯಾವುದಕ್ಕೆ ಹೊರಗೆ ಬಿಟ್ಟ ದಾಖಲೆ ಇಲ್ಲ. ಒಬ್ಬ ಗುಮಾಸ್ತ ಸರಿಯಾಗಿ ಬರೆದಿಟ್ಟ ಪುಸ್ತಕ ಸುಮಾರು 80 ವರ್ಷದ ಮೇಲೆ ಕೋಟಿಗಟ್ಟಲೆಯ ಆಸ್ತಿಯನ್ನು ತೀರ್ಮಾನಿಸಿತು. ಗುಮಾಸ್ತನಾಗಿದ್ದವನು ಇದನ್ನು ಹೇಳಿಕೊಂಡು ಸ್ವಲ್ಪ ಬೀಗಿದರೆ ತಪ್ಪಿಲ್ಲ ಅಲ್ವಾ?

ಪ್ರಶ್ನೆ: ನಮ್ಮ ತಾತನ ಪೆಟ್ಟಿಗೆಯಲ್ಲಿ ರಾಮ, ಸೀತೆ, ಲಕ್ಷ್ಮಣ, ಹನುಮಂತ ಇರುವ ಈಸ್ಟ್ ಇಂಡಿಯಾ ಕಂಪನಿಯ 1818ನೇ ಇಸವಿಯ ತಾಮ್ರದ ನಾಣ್ಯ ಸಿಕ್ಕಿದೆ. ಅಕ್ಕಿಯನ್ನು ಎಳೆಯುತ್ತದೆ ಎನ್ನುತ್ತಾರೆ. ಒಬ್ಬರು ಹತ್ತು ಲಕ್ಷ ಕೊಡುತ್ತೇನೆ, ಮೊದಲು ನೋಂದಣಿಗೆ ಐದು ಸಾವಿರ ಕಳಿಸಿ ಎಂದಿದ್ದಾರೆ.
ಆಟೊ ಚಾಲಕ, ಯಶವಂತಪುರ

ಉತ್ತರ: ಕಳಿಸಬೇಡಿ. ಕಂಪನಿ ಇಂಥ ನಾಣ್ಯ ಅಚ್ಚು ಹಾಕಿಸಿಯೇ ಇಲ್ಲ. ಇವು ಜಾತ್ರೆ, ತೀರ್ಥಕ್ಷೇತ್ರಗಳಲ್ಲಿ ಮಾರುವ ಬಿಲ್ಲೆಗಳು, ಮೇಲೆ 1616, 1717, 1818 ಅಂತ ಕಿವಿಗೆ ಇಂಪಾದ ಇಸವಿ ಹಾಕಿರುತ್ತಾರೆ. ಕಂಪನಿಯ ನಾಣ್ಯದಲ್ಲಿ ಹಿಂದೂ ದೇವರೇ ಇಲ್ಲ ಅಂತಲ್ಲ. ಮದರಾಸಿನಲ್ಲಿ ಅಚ್ಚಾದ ನಕ್ಷತ್ರ ವರಾಹದ ಮೇಲೆ ವಿಷ್ಣು ಇದ್ದಾನೆ. ಆದರೆ ಅದು ಚಿನ್ನದ್ದು, ಬೆರಳ ತುದಿಯಷ್ಟು ಪುಟ್ಟದು, ಅಕ್ಕಿ ಎಳೆಯುವ ಕೆಲಸ ಅದಕ್ಕೂ ಗೊತ್ತಿಲ್ಲ. ಹಳೇ ನಾಣ್ಯ ಕೊಳ್ಳುತ್ತೇವೆ ಎಂದು ರಿಸರ್ವ್ ಬ್ಯಾಂಕಿನ ಹೆಸರಲ್ಲಿ ಶುಲ್ಕ ಕೀಳುವವರ ಬಗ್ಗೆ 2021ರ ಆಗಸ್ಟಿನಲ್ಲಿ ಬ್ಯಾಂಕೇ ಎಚ್ಚರಿಕೆ ಕೊಟ್ಟಿದೆ. ತಾತನ ನೆನಪಿಗೆ ದೇವರ ಮನೆಯಲ್ಲಿಡಿ.

ಪ್ರಶ್ನೆ: ಹಳೇ ಬೆಳ್ಳಿ ರೂಪಾಯಿಗಳು ಕಪ್ಪಾಗಿವೆ. ಹುಣಸೆಹಣ್ಣು ಹಾಕಿ ತಿಕ್ಕಬಹುದಾ?
ನಿವೃತ್ತ ಶಿಕ್ಷಕಿ, ಮಲ್ಲೇಶ್ವರ

ಉತ್ತರ: ದಮ್ಮಯ್ಯ, ಬೇಡ ಮೇಡಂ. ಆ ಕಪ್ಪೇ ಅದರ ವಯಸ್ಸಿನ ಗುರುತು. ತಿಕ್ಕಿದ ನಾಣ್ಯ ಕೊಳ್ಳುವವರ ಕಣ್ಣಿಗೆ ಅರ್ಧ ಸತ್ತ ಹಾಗೆ.

ಪ್ರಶ್ನೆ: ನಕಲಿ ಎಂದು ಬದಿಗಿಟ್ಟದ್ದು ಅಸಲಿ ಎಂದು ತಿಳಿದುಬಂದ ಉದಾಹರಣೆ ಇದೆಯಾ?
ಓದುಗರು, ಜಯನಗರ

ಉತ್ತರ: ಅಮೆರಿಕದ 1913ರ ಲಿಬರ್ಟಿ ನಿಕ್ಕಲ್, ಅಂದರೆ ಐದು ಸೆಂಟಿನ ನಾಣ್ಯ. ಲೋಕದಲ್ಲಿರುವುದು ಐದೇ. ಒಂದರ ಮಾಲೀಕರು 1962ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಪರಿಣತರು ಅದನ್ನು ನಕಲಿ ಎಂದರು. ಮನೆಯವರು ಬೀರುವಿಗೆ ಹಾಕಿ ಸುಮ್ಮನಾದರು. 2003ರಲ್ಲಿ ಉಳಿದ ನಾಲ್ಕರ ಪಕ್ಕ ಇಟ್ಟು ಹೋಲಿಸಿದರು, ಅಸಲಿ! 2013ರಲ್ಲಿ 31 ಲಕ್ಷ ಡಾಲರಿಗೂ ಹೆಚ್ಚಿಗೆ ಹೋಯಿತು. ಪರಿಣತರ ಮಾತು ಕೋರ್ಟಿಗೆ ಅಭಿಪ್ರಾಯ ಮಾತ್ರ, ಕೊನೆಯ ಮಾತಲ್ಲ ಎಂದು ಕಾನೂನು ಇಟ್ಟಿರುವುದು ಇದಕ್ಕೇ.

ಪ್ರಶ್ನೆ: ಅಂಕಲ್, ನಾನು ಕಿರುತೆರೆಗೆ ಸಂಭಾಷಣೆ ಬರೆಯುತ್ತೇನೆ. ಕೋರ್ಟಿನಲ್ಲಿ ನಡೆಯುವ ಪತ್ತೇದಾರಿ ಕಥೆ, ನಮ್ಮ ನಾಡಿನದ್ದೇ ಅಪರೂಪದ ನಾಣ್ಯ ಬೇಕು. ಒಂದೇ ಏಟಿಗೆ ಸುಳ್ಳು ಹೊರಬೀಳುವಂಥ ಸುಳಿವು ಕೊಡಿ.
ಬರಹಗಾರ್ತಿ, ರಾಜರಾಜೇಶ್ವರಿನಗರ

ಉತ್ತರ: ಕೊಡುತ್ತೇನಮ್ಮ. ಟಿಪ್ಪುವಿನ ಆನೆ ಕಾಸು ತಗೊಳ್ಳಿ. ತಾಮ್ರದ್ದು, ಒಂದು ಕಡೆ ಆನೆ, ಇನ್ನೊಂದು ಕಡೆ ಟಂಕಸಾಲೆಯ ಹೆಸರು. ಶ್ರೀರಂಗಪಟ್ಟಣದಲ್ಲಿ ಜಾಸ್ತಿ ಅಚ್ಚಾಗಿದೆ, ಬೆಂಗಳೂರಿನಲ್ಲೂ ಆಗಿದೆ. ಪರ್ಷಿಯನ್ ಅಕ್ಷರಗಳು ಬಲದಿಂದ ಎಡಕ್ಕೆ ಹೋದರೂ ಅಂಕಿಗಳನ್ನು ಮಾತ್ರ ನಮ್ಮ ಹಾಗೆ ಎಡದಿಂದ ಬಲಕ್ಕೇ ಬರೆಯುತ್ತಾರೆ. 1787ರ ಸುಮಾರಿಗೆ ಟಿಪ್ಪು ತನ್ನದೇ ಮೌಲೂದಿ ಶಕೆ ಶುರು ಮಾಡಿದಾಗ ಅಂಕಿಯ ದಿಕ್ಕನ್ನೂ ತಿರುಗಿಸಿಬಿಟ್ಟ. ಆ ಶಕೆಯ 1218ನೇ ವರ್ಷದ ನಾಣ್ಯದ ಮೇಲೆ 8121 ಅಂತ ಕಾಣುತ್ತದೆ. ಈಗ ನಿಮ್ಮ ಖಳನಾಯಕ ಪರ್ಷಿಯನ್ ಚೆನ್ನಾಗಿ ಬಲ್ಲ ಪಂಡಿತ ಆಗಿರಲಿ. ನಕಲು ಮಾಡಿಸುವಾಗ ಅಂಕಿಯನ್ನು ‘ಸರಿಯಾಗಿ’ 1218 ಎಂದೇ ಕೆತ್ತಿಸಿರಲಿ. ಅವನನ್ನು ಕಟಕಟೆಗೆ ಹತ್ತಿಸಿ, ಇಸವಿಯನ್ನು ಗಟ್ಟಿಯಾಗಿ ಓದಿ ಎನ್ನಿ. ತನ್ನ ಪಾಂಡಿತ್ಯದಿಂದಲೇ ಸಿಕ್ಕಿಬೀಳುತ್ತಾನೆ.

ಇನ್ನೂ ಬೇಕಾದರೆ ವಿಕ್ಟೋರಿಯಾ ರಾಣಿಯ ರೂಪಾಯಿ. ಅವಳು ಭಾರತದ ಚಕ್ರವರ್ತಿನಿ ಎಂದು ದೆಹಲಿ ದರ್ಬಾರಿನಲ್ಲಿ ಘೋಷಣೆ ಆದದ್ದು 1877ರ ಜನವರಿ 1ರಂದು. ನಾಣ್ಯದ ಮೇಲಿನ ‘ಕ್ವೀನ್’ ಅನ್ನುವುದು ‘ಎಂಪ್ರೆಸ್’ ಆದದ್ದು ಆಗಲೇ. ‘ಎಂಪ್ರೆಸ್’ ಇದ್ದು ಇಸವಿ 1875 ಇದ್ದರೆ ಮಾಡಿದವನು ಇತಿಹಾಸ ಓದಿಲ್ಲ ಅಂತರ್ಥ. ಆದರೆ 1862ರ ರೂಪಾಯಿಯ ತಂಟೆಗೆ ಹೋಗಬೇಡಿ. ಅದೇ ಇಸವಿ ಹಾಕಿ 1874ರವರೆಗೂ ಅಚ್ಚು ಹಾಕುತ್ತಲೇ ಇದ್ದರು, ಯಾವ ವರ್ಷದ್ದು ಎಂಬುದಕ್ಕೆ ಸಣ್ಣ ಚುಕ್ಕಿಗಳ ಗುರುತು ಇಟ್ಟರು. ಚುಕ್ಕಿ ಎಣಿಸುವಷ್ಟರಲ್ಲಿ ನಿಮ್ಮ ಕಂತು ಮುಗಿದಿರುತ್ತದೆ.

ದೃಶ್ಯ ಬೇಕು ಅಂದರೆ ನೀರಿನ ಪರೀಕ್ಷೆ ಮಾಡಿಸಿ, ಕ್ಯಾಮೆರಾಗೆ ಚೆಂದ. ಅಕ್ಕಸಾಲಿಗರ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಲೋಟ ನೀರಿಟ್ಟು ಸೊನ್ನೆಗೆ ತನ್ನಿ. ಐದನೇ ಜಾರ್ಜನ ರೂಪಾಯಿಯನ್ನು ನೂಲಿನಲ್ಲಿ ಕಟ್ಟಿ ನೀರಿನೊಳಗೆ ಇಳಿಬಿಡಿ, ತಳ ಮುಟ್ಟಬಾರದು. ರೂಪಾಯಿಯ ತೂಕ 11.66 ಗ್ರಾಂ, ಬೆಳ್ಳಿ ಶೇಕಡಾ 91.7. ಅಸಲಿ ಆದರೆ ತಕ್ಕಡಿ 1.13 ಗ್ರಾಂ ಹತ್ತಿರ ತೋರಿಸುತ್ತದೆ, ಅದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ಅಷ್ಟೇ ತೂಕದ ಹಿತ್ತಾಳೆಗೆ ಬೆಳ್ಳಿ ಬಣ್ಣ ಹಾಕಿದ್ದರೆ 1.3 ದಾಟುತ್ತದೆ. ಅಂಕಿ ಏರುತ್ತಿರುವಾಗ ನಿಮ್ಮ ಹಿನ್ನೆಲೆ ಸಂಗೀತದವರಿಗೆ ಕೆಲಸ ಕೊಡಿ. ಆದರೆ ದಯವಿಟ್ಟು ನ್ಯಾಯಾಧೀಶರ ಕೈಗೆ ಸುತ್ತಿಗೆ ಮಾತ್ರ ಕೊಡಬೇಡಿ.

ಪ್ರಶ್ನೆ: ಮನೆ ಪಾಯ ತೆಗೆಸುವಾಗ ಮಣ್ಣಿನಲ್ಲಿ ಒಂದು ಚೊಂಬು, ಅದರಲ್ಲಿ ಪುಟ್ಟ ಪುಟ್ಟ ಹಳದಿ ನಾಣ್ಯಗಳು ಸಿಕ್ಕಿವೆ. ನಮ್ಮದೇ ಸೈಟು. ನಮ್ಮದೇ ಅಲ್ವಾ?
ಹೆಸರು ಬೇಡ, ಕೆಂಗೇರಿ ಕಡೆ

ಉತ್ತರ: ಅಲ್ಲ. ಕರ್ನಾಟಕದಲ್ಲಿ 1962ರ ನಿಧಿ ಕಾಯ್ದೆ ಇದೆ, ನೆಲದಲ್ಲಿ ಹುದುಗಿದ್ದ ಬೆಲೆಬಾಳುವ ವಸ್ತು ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಶಿಕ್ಷೆ, ಸಿಗಬಹುದಾದ ಪಾಲೂ ಹೋಗುತ್ತದೆ. ನೂರು ವರ್ಷ ದಾಟಿದ ನಾಣ್ಯವಾದರೆ 1972ರ ಪುರಾತನ ವಸ್ತುಗಳ ಕಾಯ್ದೆಯೂ ಸೇರಿಕೊಳ್ಳುತ್ತದೆ. ಪುಟ್ಟದು, ಹಳದಿ ಅಂದಿರಿ, ನರಸಿಂಹನ ಆಕೃತಿ ಇದ್ದರೆ ಅವು 17ನೇ ಶತಮಾನದ ಕಂಠೀರವರಾಯ ಹಣ ಇರಬಹುದು. ನೋಡದೆ ನಾನು ಹೇಳುವಂತಿಲ್ಲ, ನನಗೆ ತೋರಿಸಲು ತರಲೂ ಬೇಡಿ.

ಕೆಲಸದವರು ಆಗಲೇ ಒಂದೊಂದು ಜೇಬಿಗೆ ಹಾಕಿಕೊಂಡಿದ್ದರೆ ಪ್ರೀತಿಯಿಂದ ವಾಪಸ್ ಕೇಳಿ. ತೊಳೆಯಬೇಡಿ. ಸಿಕ್ಕ ಜಾಗದ ಫೋಟೊ ತೆಗೆದಿಡಿ, ಪಕ್ಕದಲ್ಲಿ ಅಳತೆ ಗೊತ್ತಾಗಲು ಒಂದು ಸ್ಕೇಲು ಇಡಿ. ಇವತ್ತೇ ತಹಶೀಲ್ದಾರರ ಕಚೇರಿಗೆ ಹೋಗಿ ಜಿಲ್ಲಾಧಿಕಾರಿಗಳ ಹೆಸರಿಗೆ ಅರ್ಜಿ ಕೊಡಿ, ಇಲ್ಲದಿದ್ದರೆ ಹತ್ತಿರದ ಠಾಣೆಗೆ. ಮಹಜರು ಬರೆಯುವಾಗ ಪಕ್ಕದಲ್ಲೇ ನಿಂತು ಎಣಿಕೆ ನೋಡಿಕೊಳ್ಳಿ, ಸ್ವೀಕೃತಿ ಇಲ್ಲದೆ ಕೊಡಬೇಡಿ. ಚೊಂಬನ್ನೂ ಕೊಡಿ, ಒಡೆದಿದ್ದರೆ ಚೂರುಗಳನ್ನೂ. ಅದು ಯಾವ ಕಾಲದ ಪಾತ್ರೆ ಎಂದು ನೋಡಿಯೇ ನಾಣ್ಯವನ್ನು ಯಾವಾಗ ಹೂತರು ಎಂದು ಅಂದಾಜು ಮಾಡುತ್ತಾರೆ.